ಗಂಟೆಗೆ ಗಾಳ

ನಾಲಿಗೆಯಿಂದ ಕೆಟ್ಟವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಬೋರ್ತೊಲೊ ಕೆಟ್ಟದ್ದು ತನ್ನ ನಾಲಿಗೆಯಿಂದಲ್ಲ, ಒಂದು ಗಂಟೆಯ ನಾಲಿಗೆಯಿಂದ. ಬೆಳಕು ಹರಿಯುವ ಹೊತ್ತಿಗೆ ದೋಣಿ ಬಿಡೋಣವೆಂದು ಮೀನಿನ ಸಾಮಾನು ಬಿಚ್ಚಿ ನೋಡಿದರೆ, ಬಟಾಣಿ ಕಾಳಿನಷ್ಟು ದಪ್ಪದ ಆ ಕಬ್ಬಿಣದ ನಾಲಿಗೆ ಕಳಚಿ ಎಲ್ಲೋ ಬಿದ್ದುಹೋಗಿತ್ತು. ಮೂಕ ಗಂಟೆಯನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡಿ, ಅದಕ್ಕೆ ಬಾಯಿಗೆ ಬಂದಂತೆ ಬೈದ.

ಗಂಟೆಯಿಲ್ಲದೆ ದಿರ್ಲಿಂದಾನ ಎಂಬ ನಮ್ಮೂರ ತಂತಿಗಾಳವೇ ಇಲ್ಲ. ಗಾರ್ದಾ ಸರೋವರದ ಟ್ರೌಟ್ ಮೀನು ದಡಕ್ಕೆ ಬಂದು ಮುಖ ತೋರಿಸುವ ಜಾತಿಯಲ್ಲ. ಕತ್ತಲೆ ಕವಿದ ತಣ್ಣನೆಯ ಆಳದಲ್ಲಿ ತನ್ನ ಪಾಡಿಗೆ ತಾನು ಓಡಾಡಿಕೊಂಡಿರುತ್ತದೆ. ಅಷ್ಟು ಕೆಳಕ್ಕೆ ಇಳಿಯುವುದು ತಾಮ್ರದ ತಂತಿಯೇ. ಆ ತಂತಿಯ ಉದ್ದಕ್ಕೂ ಹೊಳೆಯುವ ಚಮಚಗಳು, ಒಂದೊಂದು ಚಮಚದ ಬಾಲಕ್ಕೂ ಗಾಳ. ಮೆಲ್ಲಗೆ ಹುಟ್ಟು ಹಾಕುತ್ತಾ ತಂತಿಯನ್ನು ಹಿಂದೆ ಎಳೆದುಕೊಂಡು ಹೋದರೆ ಚಮಚಗಳು ಗಾಯಗೊಂಡ ಪುಟ್ಟ ಮೀನಿನ ಹಾಗೆ ಒದ್ದಾಡುತ್ತವೆ. ದೋಣಿಯ ಹಿಂಬದಿಯಲ್ಲಿ ಒಂದು ಉಕ್ಕಿನ ಬಿಲ್ಲು, ಬಿಲ್ಲಿನ ತುದಿಗೆ ಗಂಟೆ. ಮೀನು ಕಚ್ಚಿತೋ, ಬಿಲ್ಲು ಬಾಗಿ ಗಂಟೆ ತಿಣ್ ತಿಣ್ ಅನ್ನುತ್ತದೆ. ಆ ಸದ್ದಿಗೆ ನಮ್ಮೂರ ಗಂಡಸರು ಊಟದ ತಟ್ಟೆ ಬಿಟ್ಟು ಏಳುತ್ತಾರೆ.

ಬೋರ್ತೊಲೊ ಮೀನುಗಾರನೇನೂ ಅಲ್ಲ, ಇಗರ್ಜಿಯ ಚಾಕರ. ಗೋಪುರದ ದೊಡ್ಡ ಗಂಟೆ ಹೊಡೆಯುವುದು, ಮೇಣದ ಬತ್ತಿ ಹಚ್ಚುವುದು, ಬಲಿಪೂಜೆಯ ನಡುವೆ ಪೀಠದ ಪಕ್ಕ ಮೊಣಕಾಲೂರಿ ಪುಟ್ಟ ಬೆಳ್ಳಿ ಗಂಟೆ ಆಡಿಸುವುದು ಅವನ ಕೆಲಸ. ಗೋಪುರದ ಕೆಳಗಿನ ಎರಡು ಕೋಣೆಗಳಲ್ಲಿ ಹೆಂಡತಿ ಝೀತಾಳ ಜೊತೆ ಅವನ ಸಂಸಾರ. ಸತ್ತ ಮಾವ ಬಿಟ್ಟುಹೋದ ದೋಣಿಯೂ ದಿರ್ಲಿಂದಾನವೂ ಅವನ ಹತ್ತಿರ ಇದ್ದವು. ಅದರಲ್ಲಿ ಇದುವರೆಗೆ ಹಿಡಿದದ್ದೆಂದರೆ ಒಂದು ಹಳೇ ಬೂಟು, ಅದೂ ಎಡಗಾಲಿನದು.

ಹಿಂದಿನ ದಿನ ಪಾದ್ರಿ ದೋನ್ ಎಲಿಜಿಯೊ ಅವನನ್ನು ಕರೆಸಿದ್ದರು. "ನಾಳೆ ಸಂಜೆ ಪೂಜೆಗೆ ಬಿಷಪ್ ಬರ್ತಿದ್ದಾರೆ. ಆ ದಡದ ಮೀನುಗಾರನ ಮಗ ಅವರು, ಟ್ರೌಟ್ ಅಂದ್ರೆ ಪ್ರಾಣ. ಮೀನು ಚೆನ್ನಾಗಿದ್ರೆ ಬೇರೆ ಯಾವುದನ್ನೂ ಕೇಳಲ್ಲ, ನೋಡಲ್ಲ. ನೀನು ಹಿಡಿದು ತರಬೇಕು."

"ನಾನಾ? ನನಗೆಲ್ಲಿ ಬರುತ್ತೆ ಸ್ವಾಮಿ?"

"ಬರದಿದ್ರೆ ಬಿಡು," ಎಂದವರು ಪಾದ್ರಿಯಲ್ಲ, ಅವರ ಮನೆ ನೋಡಿಕೊಳ್ಳುವ ದೊಮಿತಿಲ್ಲಾ. "ನನ್ನ ತಂಗಿ ಮಗನಿಗೆ ಬರುತ್ತೆ. ಅವನಿಗೆ ಗಂಟೆ ಹೊಡೆಯೋಕೂ ಬರುತ್ತೆ. ಗೋಪುರದ ಕೋಣೆ ಅವನಿಗೂ ಸಾಕಾಗುತ್ತೆ."

ಇದೊಂದು ಮಾತು ಸಾಕಾಗಿತ್ತು. ಬೋರ್ತೊಲೊ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ. ಈಗ ನೋಡಿದರೆ ಗಂಟೆಗೆ ನಾಲಿಗೆಯಿಲ್ಲ, ಸಾಮಾನಿನ ಅಂಗಡಿ ತೆರೆದಿಲ್ಲ, ಬೆಳಗಿನ ಬಡಗಣ ಗಾಳಿ ಆಗಲೇ ಬೀಸುತ್ತಿದೆ. ಎದುರಿಗೆ ಇಗರ್ಜಿ, ಬೀಗದ ಕೈ ಸೊಂಟದಲ್ಲೇ ಇದೆ, ಒಳಗೆ ಪೀಠದ ಬೆಳ್ಳಿ ಗಂಟೆ.

ಹಿಂದಿನ ಕಾಲದಲ್ಲಿ ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ವೆನಿಸಿನ ಹಡಗಿನ ಕಪ್ತಾನನೊಬ್ಬ ಹರಕೆ ತೀರಿಸಿ ಕೊಟ್ಟ ಬೆಳ್ಳಿ ಗಂಟೆ ಅದು. ಸುತ್ತಲ ಊರಿಗೆಲ್ಲ ಅದರ ದನಿಯ ಹೆಸರು. ಈಚೆಗೆ ಬೋರ್ತೊಲೊನಿಗೆ ಆ ದನಿ ಕೊಂಚ ಸಪ್ಪೆ ಅನ್ನಿಸುತ್ತಿತ್ತು; ಗೋಪುರದ ಕೆಳಗೆ ನಿಂತು ನಿಂತು ನನ್ನ ಕಿವಿಯೇ ಹಾಳಾಗಿರಬೇಕು ಎಂದುಕೊಂಡಿದ್ದ. ತಿಕ್ಕಿ ಹೊಳಪು ಕೊಡೋಣವೆಂದರೆ "ಬೆಳ್ಳಿ ಸವೆಯುತ್ತೆ, ಮುಟ್ಟಬೇಡ" ಎಂದು ದೋನ್ ಎಲಿಜಿಯೊ ಗದರಿದ್ದರು.

"ಮೀನು ಬಿಷಪ್ಪರಿಗೆ. ಅಂದ್ರೆ ದೇವರ ಕೆಲಸಕ್ಕೇ ದೇವರ ಗಂಟೆ," ಎಂದು ಬೋರ್ತೊಲೊ ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಂಟೆಯನ್ನು ಟೊಪ್ಪಿಗೆಯೊಳಗೆ ಬಚ್ಚಿಟ್ಟುಕೊಂಡು ತಂದು ಬಿಲ್ಲಿನ ತುದಿಗೆ ದಾರದಲ್ಲಿ ಕಟ್ಟಿದ.

ಸರೋವರದ ನಡುವೆ ತಂತಿ ಇಳಿಬಿಟ್ಟು ಅವನು ಇನ್ನೂ ಸರಿಯಾಗಿ ಹುಟ್ಟು ಹಿಡಿದಿರಲಿಲ್ಲ, ಬಿಲ್ಲು ಬಾಗಿತು. ಗಂಟೆ ಬಾರಿಸಿತು.

ಬೇರೆ ಯಾರೇ ಆಗಿದ್ದರೂ ತಂತಿಗೆ ಕೈ ಹಾಕುತ್ತಿದ್ದರು. ಆದರೆ ಆ ಗಂಟೆ ಕೇಳಿದಾಗಲೆಲ್ಲ ಮೊಣಕಾಲೂರಿ ತಲೆ ಬಗ್ಗಿಸಿ ಬದುಕಿದ ಪ್ರಾಣಿ ಬೋರ್ತೊಲೊ. ಅವನ ಮಂಡಿಗಳು ಅವನನ್ನು ಕೇಳಲೇ ಇಲ್ಲ. ದೋಣಿಯ ತಳದಲ್ಲಿ ಮಂಡಿಯೂರಿ, ಎದೆಗೆ ಕೈಯಿಟ್ಟು, ಭಕ್ತಿಯಿಂದ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಮೀನೂ ಇಲ್ಲ, ಗಂಟೆಯೂ ಇಲ್ಲ; ಬಿಲ್ಲಿನ ತುದಿಯಲ್ಲಿ ಒಂದು ತುಂಡು ದಾರ ಗಾಳಿಗೆ ಆಡುತ್ತಿತ್ತು.

ಕೆಳಗೆ ನೋಡಿದ. ನೀರು ಕಪ್ಪಗೆ, ಆಳವಾಗಿ, ಏನೂ ಗೊತ್ತಿಲ್ಲದಂತೆ ಇತ್ತು. ಆದರೂ ಮಾವ ಕಲಿಸಿದ್ದ ಒಂದು ವಿದ್ಯೆ ನೆನಪಾಯಿತು: ಜಾಗ ಮರೆಯದಿರಲು ದಡದ ಎರಡು ಗುರುತು ಒಂದರ ಮೇಲೊಂದು ಕೂರುವಂತೆ ನೋಡಿಕೊಳ್ಳಬೇಕು. ಹಿಂದೆ ಗೋಪುರ, ಮುಂದೆ ಪಾದ್ರಿ ಮನೆಯ ಮಹಡಿಯಲ್ಲಿ ದೊಮಿತಿಲ್ಲಾ ಒಣಹಾಕಿದ್ದ ಕೆಂಪು ಲಂಗ. ಎರಡೂ ನೇರಕ್ಕೆ ಇದ್ದವು. ಆ ಗುರುತನ್ನು ಜಪಿಸುತ್ತಾ ದಡಕ್ಕೆ ಬಂದ.

ದಡದಲ್ಲಿ ನಾನೆ ಎಂಬ ಮುದುಕ ಮೀನುಗಾರ ಬಲೆಗೆ ತೇಪೆ ಹಾಕುತ್ತಿದ್ದ. ಪಕ್ಕದಲ್ಲಿ ಕ್ಷೌರಿಕ ಅತ್ತಿಲಿಯೊ. ಜನ್ಮದಲ್ಲಿ ಒಂದು ಮೀನು ಹಿಡಿದವನಲ್ಲ ಅತ್ತಿಲಿಯೊ, ಆದರೆ ಹಿಡಿಯುವ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

"ನಾನೆ ಮಾಮ, ಒಂದು ಮಾತು. ತಳದಲ್ಲಿ ಸುಮ್ನೆ ಬಿದ್ಕೊಂಡಿರೋದನ್ನ ಹೇಗೆ ಹಿಡೀತಾರೆ?"

"ಏನನ್ನ?"

"ಏನಾದ್ರೂ... ಸುಮ್ನೆ ಕೇಳ್ದೆ."

"ಓಡಾಡಲ್ವಾ?"

"ಇಲ್ಲ."

"ಏನು ತಿನ್ನುತ್ತೆ?"

"ತಿಂದದ್ದನ್ನ ನಾನು ನೋಡಿಲ್ಲ."

ಅತ್ತಿಲಿಯೊ ಕಿವಿ ನಿಮಿರಿಸಿದ. "ಬಣ್ಣ?"

"ಬೆಳ್ಳಿ ಥರ!" ಎಂದ ಬೋರ್ತೊಲೊ.

"ಬಾಯಿ ಹೇಗಿದೆ?"

"ಅಗಲ. ಹೆಚ್ಚುಕಮ್ಮಿ ಬರೀ ಬಾಯೇ ಅನ್ನಿ."

"ನಾಲಿಗೆ ಕಾಣ್ತಾ?"

"ಇದೆಯಲ್ಲ, ಕಬ್ಬಿಣದ್ದು... ಅಂದ್ರೆ, ಕಬ್ಬಿಣದ ಥರ."

ನಾನೆ ಬಲೆ ಕೆಳಗಿಟ್ಟು ಟೊಪ್ಪಿ ತೆಗೆದ. "ನಮ್ಮಪ್ಪ ಹೇಳ್ತಿದ್ದ," ಎಂದು ಪಿಸುಗುಟ್ಟಿದ. "ಅಂಥದೊಂದಿದೆ ಕೆಳಗೆ ಅಂತ. ನಾವೆಲ್ಲ ನಗ್ತಿದ್ವಿ."

ಮುಂದೆ ಬೋರ್ತೊಲೊನ ಮಾತು ಯಾರಿಗೂ ಬೇಕಿರಲಿಲ್ಲ. ನಾನೆ ಅವನ ಹಿತ್ತಾಳೆ ಚಮಚಗಳನ್ನು ಕಿತ್ತು ತಾಮ್ರದವನ್ನು ಕಟ್ಟಿದ. ಅತ್ತಿಲಿಯೊ ಒಂದೊಂದಕ್ಕೂ ಕೆಂಪು ಮಣಿ ಪೋಣಿಸಿದ. ನಾನೆ ಮಣಿ ಕಿತ್ತೆಸೆದ.

"ನಿಧಾನಕ್ಕೆ ಹುಟ್ಟು ಹಾಕು. ನಿದ್ದೆ ಬರೋಷ್ಟು ನಿಧಾನ," ಎಂದ ನಾನೆ.

"ಅಯ್ಯೋ, ಜೋರಾಗಿ ಹಾಕು! ಅದಕ್ಕೆ ಸಿಟ್ಟು ಬರಬೇಕು," ಎಂದ ಅತ್ತಿಲಿಯೊ.

"ನೇರ ಹೋಗು."

"ಅಂಕುಡೊಂಕು ಹೋಗು!"

"ತಳಕ್ಕೆ ತಾಗಬೇಕಾದ್ರೆ?" ಬೋರ್ತೊಲೊ ಅಳುಮುಖ ಮಾಡಿದ.

"ಸೀಸದ ಗುಂಡು ಕಟ್ಟು." "ಕಟ್ಟಬೇಡ, ಸಿಕ್ಕಾಕ್ಕೊಳ್ಳುತ್ತೆ." "ಸಿಕ್ಕಾಕ್ಕೊಳ್ಳಲಿ ಅಂತಾನೇ ಕಟ್ಟೋದು." "ನಿನ್ನ ಕತ್ತರಿ ನೀನು ನೋಡ್ಕೊಳೋ!"

ಗುಂಡನ್ನು ಅರ್ಧ ಕಟ್ಟಿ ಅರ್ಧ ಬಿಟ್ಟರು. ಗಂಟೆ ಎಲ್ಲಿ ಎಂದು ನಾನೆ ಕೇಳಿದ. ನಾಲಿಗೆ ಬಿದ್ದುಹೋಯಿತು ಎಂದ ಬೋರ್ತೊಲೊ. ಅಷ್ಟು ಮಟ್ಟಿಗೆ ಅದು ನಿಜವೂ ಹೌದು. ನಾನೆ ತನ್ನದೇ ಹಳೇ ಹಿತ್ತಾಳೆ ಗಂಟೆ ಬಿಚ್ಚಿಕೊಟ್ಟ. "ಜೋಪಾನ. ಇದರ ಸದ್ದು ಇಡೀ ಊರಿಗೆ ಗೊತ್ತು."

ಬೋರ್ತೊಲೊ ಮತ್ತೆ ನೀರಿಗಿಳಿದ. ಹಿಂದೆಯೇ ನಾನೆಯ ದೋಣಿಯಲ್ಲಿ ಅವರಿಬ್ಬರೂ. ನಡುನೀರಿಗೆ ಹೋಗಿ ತಿರುಗಿ ನೋಡಿದರೆ ಗೋಪುರ ಇದೆ, ಲಂಗ ಇಲ್ಲ! ದೊಮಿತಿಲ್ಲಾ ಒಣಗಿದ ಬಟ್ಟೆ ತೆಗೆದು ಒಳಗೆ ಇಟ್ಟಾಗಿತ್ತು. ಬೋರ್ತೊಲೊ ಕಣ್ಣುಜ್ಜಿಕೊಂಡ. ಬಲಕ್ಕೆ ಹೋದ, ಎಡಕ್ಕೆ ಬಂದ. ಅಷ್ಟರಲ್ಲಿ ಬೆಳಗಿನ ಗಾಳಿ ನಿಂತು, ತೆಂಕಣದಿಂದ ಮಧ್ಯಾಹ್ನದ ಗಾಳಿ ಎದ್ದು ದೋಣಿಯ ಮುಖವನ್ನೇ ತಿರುಗಿಸಿತು. ಯಾವ ಕಡೆಯಿಂದ ಬಂದೆ ಎನ್ನುವುದೂ ಅವನಿಗೆ ಮರೆತುಹೋಯಿತು.

ಸಾಲದ್ದಕ್ಕೆ ಮೀನುಗಳ ಕಾಟ. ಚಮಚಗಳು ತಳ ಮುಟ್ಟುವ ಮೊದಲೇ ತಿಣ್ ತಿಣ್! ಎಳೆದರೆ ಕೊಬ್ಬಿದ ಟ್ರೌಟ್. "ಥೂ, ದರಿದ್ರದ್ದೇ!" ಎಂದು ಬೋರ್ತೊಲೊ ಗಾಳ ಬಿಡಿಸಿ ಅದನ್ನು ನೀರಿಗೆಸೆದ. ಮತ್ತೆ ಇಳಿಸಿದ. ಮತ್ತೆ ತಿಣ್ ತಿಣ್. ಇನ್ನೂ ದೊಡ್ಡದು. ಅದನ್ನೂ ಎಸೆದ. ಬೇಕೆಂದು ಹೊರಟಾಗ ಮುಖ ತೋರಿಸದ ಮೀನುಗಳೆಲ್ಲ ಈಗ ಸಾಲುಗಟ್ಟಿ ನಿಂತಂತಿತ್ತು.

"ಏ, ತಲೆ ಕೆಟ್ಟಿದೆಯೇನೋ?" ಹಿಂದಿನ ದೋಣಿಯಿಂದ ನಾನೆ ಎದೆ ಬಡಿದುಕೊಂಡ. "ಮದುವೆ ಊಟಕ್ಕಾಗೋ ಮೀನು!"

"ಇದಲ್ಲ ನನಗೆ ಬೇಕಾದ್ದು!" ಬೋರ್ತೊಲೊ ಕೂಗಿದ.

"ಕೇಳಿದ್ಯಾ?" ಎಂದ ಅತ್ತಿಲಿಯೊ, ಮೆಚ್ಚುಗೆಯಿಂದ. "ಅವನಿಗೆ ಅದೇ ಬೇಕಂತೆ. ನಾಲಿಗೆ ಇರೋದು."

ದಡದಲ್ಲಿ ಜನ ಸೇರಿದರು. ಒಬ್ಬ ಇತ್ತ ಹೋಗು ಎಂದರೆ ಇನ್ನೊಬ್ಬ ಅತ್ತ ಹೋಗು ಎಂದು ಟೊಪ್ಪಿ ಬೀಸಿದ. ಬೋರ್ತೊಲೊ ಎಲ್ಲರ ಮಾತೂ ಕೇಳಿ, ಬಿಸಿಲು ಇಳಿಯುವ ತನಕ ಸರೋವರದ ನಡುವೆ ಗಾಣದೆತ್ತಿನ ಹಾಗೆ ಸುತ್ತಿದ. ಕೊನೆಗೆ ನಾನೆ ಪಕ್ಕಕ್ಕೆ ಬಂದು, ಅವನು ಎಸೆಯಲು ಎತ್ತಿದ್ದ ಟ್ರೌಟನ್ನು ಕೈಯಿಂದ ಕಿತ್ತುಕೊಂಡು ಬುಟ್ಟಿಗೆ ಹಾಕಿದ. ಹಾಗೆ ಬಿಷಪ್ಪರ ಊಟಕ್ಕೆ ಮೀನಾಯಿತು.

ಮನೆಯಲ್ಲಿ ಝೀತಾ ವಿಷಯ ಕೇಳಿ ಮೊದಲು ಸರಿಯಾಗಿ ಮಂಗಳಾರತಿ ಎತ್ತಿದಳು. ಆಮೇಲೆ ಕೋಣೆಯ ಗೋಡೆಗಳನ್ನೊಮ್ಮೆ ನೋಡಿ ಕಣ್ಣೊರೆಸಿಕೊಂಡಳು. "ಆ ಮುದುಕನ ಗಂಟೆ ಜೇಬಲ್ಲಿದೆಯಲ್ಲ, ಅದನ್ನೇ ಬಾರಿಸಿ. ಪೀಠದ ಬಟ್ಟೆ ಮರೆಯಲ್ಲಿ ಯಾರಿಗೆ ಕಾಣುತ್ತೆ? ಗಂಟೆ ಅಂದ್ರೆ ಗಂಟೆ."

ಸಂಜೆ ಇಗರ್ಜಿ ತುಂಬಿತ್ತು. ಸರೋವರದ ಗಂಡಸರೆಲ್ಲ ಕೂದಲಿಗೆ ಎಣ್ಣೆ ಹಚ್ಚಿ ಮುಂದಿನ ಸಾಲುಗಳಲ್ಲಿ ಕೂತಿದ್ದರು. ಬಿಷಪ್ ಕಂಬದಂಥ ತೋಳಿನ ದೊಡ್ಡಾಳು. ಪಕ್ಕದಲ್ಲಿ ದೋನ್ ಎಲಿಜಿಯೊ ಯಾಕೋ ಬಿಳಿಚಿಕೊಂಡಿದ್ದರು. ಪೂಜೆ ಸಾಗಿತು. ಬಿಷಪ್ ಪಾತ್ರೆಯ ಮೇಲೆ ಎರಡೂ ಕೈ ಚಾಚಿದರು. ಎಲ್ಲ ನಿಶ್ಶಬ್ದ. ಬೋರ್ತೊಲೊ ಮೊಣಕಾಲೂರಿ, ಉಸಿರು ಬಿಗಿಹಿಡಿದು, ಬಟ್ಟೆ ಮರೆಯಲ್ಲಿ ಗಂಟೆ ಆಡಿಸಿದ.

ತಿಣ್ ತಿಣ್!

ಮುಂದಿನ ನಾಲ್ಕು ಸಾಲು ಒಟ್ಟಿಗೆ ಎದ್ದು ನಿಂತವು. ಯಾರೋ ಬೆಂಚು ಮಗುಚಿದರು. "ಎಳೀರೋ! ಎಳೀರೋ!" ಎಂದು ನಾನೆ ಕಿರುಚಿ, ಇಲ್ಲದ ತಂತಿಯನ್ನು ಕೈಮೇಲೆ ಕೈ ಹಾಕಿ ಎಳೆಯತೊಡಗಿದ. "ನಿಧಾನ, ನಿಧಾನ!" ಎಂದ ಅತ್ತಿಲಿಯೊ. ಪೀಠದ ಮೇಲೆ ಚಾಚಿದ್ದ ಬಿಷಪ್ಪರ ಕೈಗಳೂ ತಮ್ಮಷ್ಟಕ್ಕೆ ಬಿಗಿಯಾಗಿ ಮುಷ್ಟಿಯಾದವು. ಅವರು ಬೇಗ ಬೆರಳು ಬಿಡಿಸಿಕೊಂಡರಾದರೂ ಬೋರ್ತೊಲೊ ಕಂಡಿದ್ದ.

ಪೂಜೆ ಹೇಗೋ ಮುಗಿಯಿತು. ಒಳಕೋಣೆಯಲ್ಲಿ ಬಿಷಪ್ ನಿಲುವಂಗಿ ತೆಗೆಯುತ್ತಾ ಕೇಳಿದರು: "ಅದು ದಿರ್ಲಿಂದಾನದ ಗಂಟೆ. ನಮ್ಮಪ್ಪನ ದೋಣಿಯಲ್ಲಿ ಅದೇ ಇತ್ತು. ಕಪ್ತಾನನ ಬೆಳ್ಳಿ ಗಂಟೆ ಎಲ್ಲಿ?"

ದೋನ್ ಎಲಿಜಿಯೊ ಗೋಡೆಗೆ ಒರಗಿದರು. ಬೋರ್ತೊಲೊನಿಂದ ತಡೆಯಲಾಗಲಿಲ್ಲ. ಬಿಷಪ್ಪರ ಕಾಲಿಗೆ ಬಿದ್ದ. "ಬೆಳಿಗ್ಗೆ ನಾನೇ ಕದ್ದೊಯ್ದು ಸರೋವರಕ್ಕೆ ಬೀಳಿಸಿಬಿಟ್ಟೆ ಸ್ವಾಮಿ! ತಪ್ಪಾಯ್ತು!"

ಪಾದ್ರಿಯ ಮುಖ ನೋಡಿ ಅವನಿಗೆ ಏನೂ ಅರ್ಥವಾಗಲಿಲ್ಲ. ಕೋಪವಿರಬೇಕಾದಲ್ಲಿ ಜ್ವರ ಬಿಟ್ಟವನ ಕಳೆಯಿತ್ತು. "ಛೆ, ಛೆ, ಬೋರ್ತೊಲೊ, ಎಂಥ ಕೆಲಸ ಮಾಡಿದೆ!" ಎಂದು ಅವರು ಕೈ ಎತ್ತಿ ಆಡಿಸಿದರು. ದನಿಯಲ್ಲಿ ಒಂದು ಬಗೆಯ ಹಾಡು ಇತ್ತು.

ಬಿಷಪ್ ನಿಲುವಂಗಿ ಮಡಚಿಟ್ಟರು. "ನಿಜ ಹೇಳಿದೆ ನೀನು, ಅದಕ್ಕೇ ಈಗಲೇ ಕೆಲಸದಿಂದ ತೆಗೆಯಲ್ಲ. ಕ್ರಿಸ್‌ಮಸ್ ತನಕ ಟೈಮು. ಬೆಳ್ಳಿ ಗಂಟೆ ತಂದು ಇಲ್ಲಿಟ್ರೆ ಕೆಲಸವೂ ನಿಂದೇ, ಕೋಣೆಯೂ ನಿಂದೇ. ಇಲ್ದಿದ್ರೆ ಬೇರೆಯವರು ಬರ್ತಾರೆ." ಇಷ್ಟು ಹೇಳಿ, ಮೀನಿನ ವಾಸನೆ ಬರುತ್ತಿದ್ದ ಕಡೆಗೆ ನಡೆದರು.

ಬಾಗಿಲು ಮುಚ್ಚಿತು. ದೋನ್ ಎಲಿಜಿಯೊ ಬೋರ್ತೊಲೊನ ಭುಜ ಹಿಡಿದು ಎತ್ತಿದರು. "ಏಳಪ್ಪಾ, ಅಳಬೇಡ. ನೀನು ಬೀಳಿಸಿದ್ದು ನಾನು ಸಂತೆಯಲ್ಲಿ ತಂದ ತಗಡಿನ ಗಂಟೆ. ಬೆಳ್ಳೀದು ಹೋಗಿ ಎಷ್ಟೋ ಕಾಲ ಆಯ್ತು."

"ಹೋಯ್ತಾ? ಎಲ್ಲಿಗೆ?"

"ಸರೋವರಕ್ಕೆ. ನನ್ನ ದಿರ್ಲಿಂದಾನದ ಗಂಟೆಗೆ ನಾಲಿಗೆ ಕಳಚಿಬಿದ್ದಿತ್ತು. ಅಂಗಡಿ ತೆರೆದಿರಲಿಲ್ಲ." ಪಾದ್ರಿ ನೆಲ ನೋಡಿದರು. "ಅದು ಬಾರಿಸಿದ ತಕ್ಷಣ ಮಂಡಿ ಊರಿಬಿಟ್ಟೆ ಕಣೋ."

ಬೋರ್ತೊಲೊ ಬಾಗಿಲ ಕಡೆಗೆ ತಿರುಗಿದ. "ಹಾಗಾದ್ರೆ ನಡೀರಿ ಸ್ವಾಮಿ, ಬಿಷಪ್ಪರಿಗೆ ಹೇಳೋಣ!"

"ಏನು ಹೇಳೋದು? ನೀನು ಆಗಲೇ ಒಪ್ಕೊಂಡಾಗಿದೆ. ಒಂದು ಗಂಟೆ ಕಳೆಯೋಕೆ ಇಬ್ಬರು ಯಾಕೆ?" ದೋನ್ ಎಲಿಜಿಯೊ ಅವನ ಅಂಗಿಯ ದೂಳು ಕೊಡವಿದರು. "ಕ್ರಿಸ್‌ಮಸ್‌ಗೆ ಇನ್ನೂ ದೂರ ಇದೆ. ಹುಡುಕು. ನಾನೂ ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ."

ಪಕ್ಕದ ಮನೆಯಿಂದ ತಟ್ಟೆಗಳ ಸದ್ದು, ಬಿಷಪ್ಪರ ನಗು ಕೇಳುತ್ತಿತ್ತು. ಬೋರ್ತೊಲೊ ಕಣ್ಣೊರೆಸಿಕೊಂಡು ಕೇಳಿದ: "ಆಯ್ತು ಸ್ವಾಮಿ. ನೀವು ಬೀಳಿಸಿದ ಜಾಗವನ್ನಾದ್ರೂ ಹೇಳಿ."

"ಅದು ಸರಿಯಾಗಿ ನೆನಪಿದೆ," ಎಂದರು ದೋನ್ ಎಲಿಜಿಯೊ. "ಹಿಂದೆ ಗೋಪುರ. ಅದರ ಮುಂದೆ ನೇರಕ್ಕೆ, ಅವತ್ತು ದೊಮಿತಿಲ್ಲಾ ಒಣಹಾಕಿದ್ದ ಕೆಂಪು ಲಂಗ."