ಕೊನೆಯ ಹೆಸರು ಬರುವವರೆಗೆ

ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಒಲಿದ ವಿದ್ಯೆ. ಆದರೆ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತರೆ ಗುಟ್ಟು ಉಳಿಯುವುದಿಲ್ಲ. ಐದು ನಿಮಿಷ ಮುಟ್ಟದಿದ್ದರೆ ಅದು ಪರದೆಯ ತುಂಬ ಬಣ್ಣದ ಕೊಳವೆಗಳನ್ನು ಹೆಣೆಯುತ್ತಾ, ಈ ಮನುಷ್ಯ ಕೆಲಸ ಮಾಡುತ್ತಿಲ್ಲ ಎಂದು ಊರಿಗೆಲ್ಲ ಸಾರುತ್ತದೆ. ಶಿಕಾರಿಪುರದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ನನ್ನ ಅಂಗಡಿಗೆ ಕಂಪ್ಯೂಟರ್ ಬಂದ ಹೊಸತು. ಪಕ್ಕದ ಮೇಜಿನಲ್ಲಿ ಪ್ರೂಫ್ ತಿದ್ದುತ್ತಿದ್ದ ಹೆಂಡತಿ ಪಾರ್ವತಿ, ಕೊಳವೆ ಕಂಡ ಕೂಡಲೇ "ನಿದ್ದೆ ಬಂತೇನ್ರೀ?" ಎನ್ನುತ್ತಿದ್ದಳು.

ಈ ಅವಮಾನ ತಪ್ಪಿಸಿಕೊಳ್ಳಲು ನಾನೇ ಒಂದು ಪ್ರೋಗ್ರಾಮ್ ಬರೆದೆ. ಶಿವಮೊಗ್ಗಕ್ಕೆ ಓಡಾಡಿ ಮೂರು ತಿಂಗಳು ಕಲಿತದ್ದನ್ನು ಎಲ್ಲಾದರೂ ತೋರಿಸಬೇಕಲ್ಲ! ಕೊಳವೆಗಳ ಬದಲು, ನೋಡಿದವರಿಗೆ ಕೆಲಸವೆಂದೇ ತೋರುವಂತೆ, ಆ ಹೊತ್ತಿಗೆ ಯಾರ ಪತ್ರಿಕೆ ತೆರೆದಿರುತ್ತದೋ ಅದರಲ್ಲಿನ ಹೆಸರುಗಳು ಒಂದೊಂದಾಗಿ ಕೆಳಗಿನಿಂದ ಮೇಲೇರಿ ಮಾಯವಾಗಬೇಕು; ಕೊನೆಯದು ಮಾತ್ರ ನಡುವೆ ತುಸು ನಿಲ್ಲಬೇಕು. ಫೈಲಿನ ಹೆಸರಿನ ಕೊನೆಯ ಮೂರಕ್ಷರ ಬದಲಿಸಿ ಇಟ್ಟದ್ದೇ ತಡ, ಕಂಪ್ಯೂಟರ್ ಅದನ್ನು ಸ್ಕ್ರೀನ್ ಸೇವರ್ ಎಂದು ಒಪ್ಪಿಕೊಂಡಿತು. ಒಂದೇ ಲೋಪ: ಕೀಲಿ ಒತ್ತಿದರೆ ನಿಲ್ಲು ಎಂದು ಬರೆಯಲು ಮರೆತಿದ್ದೆ. ಕೊನೆಯ ಹೆಸರು ಬಂದು ನಿಂತಾಗಷ್ಟೇ ಅದನ್ನು ಮುಚ್ಚಬಹುದಿತ್ತು. ಆ ಗಳಿಗೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು.

ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರು ಹಾಕಲು ಎರಡು ನಿಮಿಷ ಸಾಕು. ಸುಖಾಗಮನ ಬಯಸುವವರಲ್ಲಿ ದೊಡ್ಡಪ್ಪ ಮೇಲೋ ಸೋದರಮಾವ ಮೇಲೋ ಎನ್ನುವುದು ಮಾತ್ರ ಎರಡು ದಿನದ ಪಂಚಾಯಿತಿ. ಬಳ್ಳಿಗಾವಿಯ ಶಿವಲಿಂಗಪ್ಪ ಮಗಳ ಪತ್ರಿಕೆಗೆಂದು ಅಣ್ಣ ಚನ್ನವೀರಪ್ಪನವರನ್ನು ಕರೆದುಕೊಂಡು ಬಂದಿದ್ದರು. ಅಣ್ಣನ ಹೆಸರು ಸೋದರಮಾವಂದಿರೆಲ್ಲರ ಕೆಳಗೆ, ಕಟ್ಟಕಡೆಗೆ ಹೋಗಿತ್ತು. ಮೇಲೆ ತಂದರೆ ಮಾವಂದಿರು ಮುನಿಯುತ್ತಾರೆ.

"ನನ್ನ ಹೆಸರು ಕಡೀಗೆ ಹಾಕಿದ್ಮ್ಯಾಲೆ ನಾನು ಲಗ್ನಕ್ಕೆ ಬರಂಗಿಲ್ಲ," ಎಂದು ಚನ್ನವೀರಪ್ಪ ಎದ್ದೇಬಿಟ್ಟರು.

"ಅಣ್ಣಾ, ಆಕೀನ ಎತ್ತಿ ಆಡಿಸಿದೋನು ನೀನು. ನೀನಿಲ್ದೆ ಲಗ್ನ ಹೆಂಗ್ ಮಾಡ್ಲಿ?" ಎಂದು ಶಿವಲಿಂಗಪ್ಪ ಅವರ ಕೈ ಹಿಡಿದು ಎಳೆದರು.

ಈ ಜಗ್ಗಾಟದಲ್ಲಿ ಐದು ನಿಮಿಷ ಕಳೆದು ಹೆಸರುಗಳು ಏರತೊಡಗಿದವು. ಗಾಬರಿಯಿಂದ ಸಿಕ್ಕ ಸಿಕ್ಕ ಕೀಲಿ ಕುಟ್ಟಿದೆ, ನಿಲ್ಲಲಿಲ್ಲ. ಚನ್ನವೀರಪ್ಪ ಬಾಗಿಲಲ್ಲೇ ನಿಂತು ನೋಡಿದರು. ಸೋದರಮಾವಂದಿರು ಒಬ್ಬೊಬ್ಬರಾಗಿ ಮೇಲೇರಿ ಕಾಣೆಯಾದರು. ಖಾಲಿ ಪರದೆಯ ನಡುವೆ ಚನ್ನವೀರಪ್ಪನವರ ಹೆಸರೊಂದೇ ನಿಂತಿತು.

"ಎಲ್ಲಾರೂ ಹೋದ್ರು, ಕಡೀಗೆ ನಿಂತೋನು ನಾನೇ ನೋಡಪ್ಪಾ!" ಎಂದು ನಕ್ಕುಬಿಟ್ಟರು. "ಹಂಗೇ ಇರ್ಲಿ ಬಿಡ್ರೀ. ಮದುವಿ ಮನಿಯಾಗೂ ಕಡೀಗೆ ಚಾಪಿ ಸುತ್ತೋನು ನಾನೇ."

ಶಿವಲಿಂಗಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.  ಮಾರನೆಯ ದಿನದಿಂದ ನನ್ನ ಮರೆವನ್ನೇ ಜಾಣತನವೆಂದು ಸೊರಬದ ಮಾವನ ಮನೆಯವರೆಗೂ ಹೇಳಿಕೊಂಡು ಬಂದೆ. ಲೋಪವನ್ನು ಬೇಕೆಂದೇ ತಿದ್ದಲಿಲ್ಲ.

ಇಷ್ಟೆಲ್ಲ ಆದ ಮೇಲೂ ಹೆಂಡತಿ ಹೊಗಳಿರಲಿಲ್ಲ. ಅವಳನ್ನು ಮೆಚ್ಚಿಸೋಣವೆಂದು ಒಂದು ಮಧ್ಯಾಹ್ನ ನಮ್ಮ ಅಂಗಡಿಯ ಪ್ರಾರಂಭೋತ್ಸವದ ಹಳೆಯ ಪತ್ರಿಕೆಯನ್ನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತೆರೆದಿಟ್ಟು ಕರೆದೆ. ಆ ಪತ್ರಿಕೆಯ ಲಕೋಟೆಗಳಿಗೆಲ್ಲ ವಿಳಾಸ ಬರೆದವಳು ಅವಳೇ. ನನ್ನ ದೊಡ್ಡಣ್ಣ, ನಡುವಣ್ಣ, ಭಾವಂದಿರು, ಗೆಳೆಯರು ಎಲ್ಲರೂ ಏರಿ ಹೋಗಿ, ಕೊನೆಗೆ ಮಾಲೀಕನಾದ ನಾನು ಬಂದು ನಿಂತೆ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ಮುಗೀತಲ್ಲ, ಇನ್ನೇನು ನೋಡ್ತೀಯ?" ಎಂದೆ ಹೆಮ್ಮೆಯಿಂದ.

"ಇನ್ನೊಂದು ಹೆಸರು ಬರ್ತದೇನೋ ಅಂತ ಕಾದೆ ರೀ. ಅವತ್ತು ಪತ್ರಿಕೇಲೂ ಹುಡುಕಿದ್ದೆ."

ನಾಚಿಕೆಯಿಂದ ಮುಖ ಬಿಸಿಯಾಯಿತು. ಅವಳ ಹೆಸರನ್ನು ಈಗಲೇ ಸೇರಿಸಿಬಿಡೋಣವೆಂದು ಕೀಲಿಮಣೆಗೆ ಕೈಹಾಕುವಷ್ಟರಲ್ಲಿ ಪರದೆಯ ಅಡಿಯಿಂದ ದೊಡ್ಡಣ್ಣ ಮತ್ತೆ ಏರತೊಡಗಿದ್ದ. ಎಷ್ಟು ಕುಟ್ಟಿದರೂ ನಿಲ್ಲಲಿಲ್ಲ. ಅವನ ಹಿಂದೆ ನಡುವಣ್ಣ, ಅವನ ಹಿಂದೆ ಭಾವಂದಿರು. ಎಲ್ಲರೂ ಹೋಗಿ ನಾನು ಬರುವವರೆಗೆ, ಹೆಂಡತಿಯ ಮುಖ ನೋಡಲಾರದೆ, ಕೈಕಟ್ಟಿ ಸುಮ್ಮನೆ ಕೂತೆ.