ಸೊಂಟದ ಕೀಲೂ ನಮ್ಮ ಅತ್ತಿಯೂ

ಮನುಷ್ಯನ ಪ್ರಾಣ ಎದೆಯಲ್ಲಿದೆ ಅನ್ನುವುದು ಲೋಕದ ನಂಬಿಕೆ. ನಮ್ಮ ಅತ್ತಿಯ ಪ್ರಕಾರ ಅದು ತೊಡೆ ಬಂದು ಸೊಂಟಕ್ಕೆ ಕೂಡುವ ಕೀಲಿನಲ್ಲಿದೆ! ಅತ್ತಿ ಅಂದರೆ ನನ್ನ ಅಪ್ಪನ ಅಕ್ಕ. ಹುಬ್ಬಳ್ಳಿಯಲ್ಲಿ ಡಾಕ್ಟರಾಗುವ ಹುಡುಗರಿಗೆ ಅಂಗರಚನೆ ಕಲಿಸುತ್ತಿದ್ದಳು. ತೊಂಬತ್ತರ ದಶಕದಲ್ಲಿ ವಿದ್ಯಾನಗರದ ಒಂದೇ ಮನೆಯಲ್ಲಿ ನಾವೆಲ್ಲ ಇದ್ದೆವು. ಬೇರೆ ಮನೆಯ ಮಕ್ಕಳು ಊಟಕ್ಕೆ ಕೂತು ಕತೆ ಕೇಳುತ್ತಿದ್ದರು. ನಾವು ರಕ್ತನಾಳ ಕೇಳುತ್ತಿದ್ದೆವು.

ಪಂಚಮಿಗೆ ಅಜ್ಜಿ ಉಂಡಿ ಕಟ್ಟಿದರೆ ಅತ್ತಿ ಒಂದನ್ನು ಸಣ್ಣ ಬಟ್ಟಲಲ್ಲಿಟ್ಟು ಶುರು ಮಾಡುವಳು: “ವಾಟಿ ಅಂದ್ರ ಸೊಂಟ, ಉಂಡಿ ಅಂದ್ರ ತೊಡಿ ಎಲುವಿನ ತಲಿ. ಇದರ ಕುತ್ತಿಗಿ ಹಿಡಕೊಂಡು ಹತ್ತೋ ಸಣ್ಣ ನಾಳದಿಂದನ ತಲಿಗಿ ರಕ್ತ. ಕುತ್ತಿಗಿ ಮುರದು ನಾಳ ಹರದ್ರ, ತಲಿ ಒಣಗತೈತಿ!”

“ಒಣಗೋದ್ರಾಗ ತಿನ್ನ ಮೊದಲ!” ಅಂತ ಅಜ್ಜಿ ಗದರುವಳು.

ಉಣಕಲ್ಲಿನ ಮಾಸ್ತರೊಬ್ಬರು ಮೊಣಕಾಲು ನೋವೆಂದು ಎಣ್ಣೆ ತಿಕ್ಕಿ ತಿಕ್ಕಿ ಸುಸ್ತಾಗಿದ್ದರು. ಅತ್ತಿ ಅವರನ್ನು ಮಲಗಿಸಿ ತೊಡೆ ತಿರುಗಿಸಿದಳು.

“ಬ್ಯಾನಿ ಮೊಣಕಾಲಾಗ ಐತಿ, ನೀವು ಸೊಂಟಾ ಹಿಡದೀರಲ್ರಿ ಬಾಯಾರ!”

“ಎರಡಕ್ಕೂ ಒಂದ ನರದ ಟೊಂಗಿ ಹೋಗ್ಯಾವ್ರಿ ಮಾಸ್ತರ. ಕಳ್ಳ ಸೊಂಟದಾಗ ಕುಂತಾನ, ನೀವು ಮೊಣಕಾಲಿಗೆ ಬಡ್ಯಾಕತ್ತೀರಿ!”

ಎಕ್ಸರೇ ತೆಗೆಸಿದರೆ ಕಳ್ಳ ಅಲ್ಲೇ ಸಿಕ್ಕ! ಆಮೇಲೆ ಕೇಳಬೇಕೆ? ಹಲ್ಲುನೋವಿನವರೂ ನಮ್ಮ ಕಟ್ಟೆಗೆ ಬರತೊಡಗಿದರು. “ಹಲ್ಲಿನ ನರ ಸೊಂಟದಾಗ ಇಲ್ರಿ” ಅನ್ನುವಾಗ ಅತ್ತಿಯ ಮುಖದಲ್ಲಿ ಅದೆಷ್ಟು ನಿರಾಸೆ!

ರಾಯಾಪುರದಿಂದ ನಮ್ಮ ಅಕ್ಕನನ್ನು ನೋಡಲು ಬಂದವರ ಪಾಡಂತೂ ಹೇಳಬಾರದು. ಅವರು ಹುಡುಗಿಗೆ ಹಾಡು ಅನ್ನುವ ಮೊದಲೇ ಅತ್ತಿ ಹುಡುಗನಿಗೆ, “ಏನ್ ಸಿಟ್ಟಾಗಬ್ಯಾಡ್ರಿ, ಬಾಗಲತನಕ ಒಮ್ಮೆ ನಡದು ತೋರಸ್ರಿ” ಅಂದಳು! ಆತ ಬೆವರುತ್ತ ನಡೆದ. “ಕೀಲು ಛಲೋ ಅದಾವು” ಎಂಬ ತೀರ್ಪು ಬಂತು. ಲಗ್ನವೂ ಆಯಿತು. ಭಾವ ಇವತ್ತಿಗೂ ನಮ್ಮ ಪಡಸಾಲೆಯಲ್ಲಿ ಪರೇಡಿನವರಂತೆ ನಡೆಯುತ್ತಾರೆ.

ಅದಾಗಿ ಕೆಲವು ವರ್ಷಕ್ಕೆ, ಒಂದು ಬೆಳಗ್ಗೆ, ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಒಂದು ಕಾಲು ಗಿಡ್ಡಾಗಿ ಹೊರಕ್ಕೆ ಹೊರಳಿತ್ತು. ಅತ್ತಿ ಅದನ್ನು ನೋಡಿದವಳೇ ಆಸ್ಪತ್ರೆಗೆ ಫೋನು ಮಾಡಿದಳು. ಆಸ್ಪತ್ರೆಯ ಎಲುಬಿನ ಡಾಕ್ಟರು ಅವಳದೇ ಹಳೆಯ ವಿದ್ಯಾರ್ಥಿ.

“ಮೇಡಂ, ತೊಡಿ ಎಲುವಿನ ಕುತ್ತಿಗಿ ಮುರದೈತ್ರಿ. ರಕ್ತನಾಳದ್ದು ನಿಮಗ ನಾ ಏನು ಹೇಳಲ್ರಿ...”

“ಹೇಳಪಾ. ನನಗೇನೂ ಗೊತ್ತಿಲ್ಲಂತ ತಿಳದು ಹೇಳು. ನಮ್ಮವ್ವ ಮತ್ತ ನಡೀತಾಳೇನು?”

ಊರಿಗೆಲ್ಲ ಪಾಠ ಹೇಳಿದವಳು ಸೆರಗು ಹಿಂಡುತ್ತ ಶಿಷ್ಯನ ಬಾಯನ್ನೇ ನೋಡುತ್ತಿದ್ದಳು.

ಒಣಗಲಿದ್ದ ತಲೆ ತೆಗೆದು ಲೋಹದ ಗುಂಡು ಕೂಡಿಸಿದರು. ಅಜ್ಜಿಯನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸಿದ ದಿನ ಅತ್ತಿ ಎದುರಿಗೆ ನಿಂತು ಅವಳ ಎರಡೂ ಕೈ ಹಿಡಿದಳು. ಅಜ್ಜಿ ಮಂಚ ಬಿಟ್ಟು ಎದ್ದಳು, ತುಸು ತೂಗಾಡಿದಳು, ನಿಂತಳು. ಆಮೇಲೆ ಮಗಳನ್ನು ನೋಡಿ ಮೆಲ್ಲಗೆ ಕೇಳಿದಳು:

“ಯಾಕವಾ, ಹಿಂಗ ನಡಗಾಕತ್ತೀದಿ? ನಾ ಗಟ್ಟಿ ಹಿಡಕೊಂಡೇನಿ. ಅಂಜಬ್ಯಾಡ, ಬಾ.”