ಎಂಟು ಇಂಚು ತಂತಿಯ ಸುರಕ್ಷಿತ ವಿಸ್ತರಣೆ

ಹುನಗುಂದದ ತಾಲ್ಲೂಕು ಆಕಾಶ ಶೋಧನಾ ಘಟಕವು ಸುರಕ್ಷತಾ ನಿಯಮಗಳು ಜಾರಿಗೆ ಬಂದಂದಿನಿಂದ ಇಂದಿನವರೆಗೆ ಒಂದೇ ಒಂದು ವಿಮಾನ ಅಪಘಾತವನ್ನೂ ಕಂಡಿಲ್ಲ. ಈ ಸಾಧನೆ ಹೇಗಾಯಿತೆಂಬುದರ ವಿವರ ಹೀಗಿದೆ.

ಘಟಕದ ಬಳಿ ಒಂದು ವಿಮಾನವಿದೆ. ನಾಲ್ಕು ಅಡಿ ಉದ್ದ, ಥರ್ಮಾಕೋಲಿನ ರೆಕ್ಕೆ, ಬಾಲದಲ್ಲಿ ಮೋಟಾರು ಮತ್ತು ಪಂಖ, ಹೊಟ್ಟೆಯಲ್ಲಿ ಬ್ಯಾಟರಿ, ಕೆಳಗೊಂದು ಕ್ಯಾಮೆರಾ. ಗುಡ್ಡಗಳಲ್ಲಿ ತಪ್ಪಿಸಿಕೊಂಡ ದನಕುರಿಗಳನ್ನು ಮೇಲಿನಿಂದ ಹುಡುಕಿಕೊಡುವುದು ಅದರ ಕರ್ತವ್ಯ. ಅದನ್ನು ಕೈಯಾರೆ ಕಟ್ಟಿದವರು ತಾಂತ್ರಿಕ ಸಹಾಯಕಿ ಶುಭದಾ. ಕಟ್ಟಿದ ದಿನ ಮೈದಾನದ ಮೇಲೆ ಎರಡು ಸುತ್ತು ಹಾರಿಸಿಯೂ ಇದ್ದರು. ಆಗಿನ್ನೂ ನಿಯಮಗಳು ಬಂದಿರಲಿಲ್ಲವಾದ್ದರಿಂದ ಆ ಹಾರಾಟವನ್ನು ಹಾರಾಟವೆಂದು ಪರಿಗಣಿಸಲಾಗಿಲ್ಲ.

ಮೊದಲ ಅರ್ಜಿ ಮರೋಳದ ಹನಮಂತಪ್ಪನವರದು. ಗುಡುಗಿಗೆ ಬೆದರಿ ಅವರ ಹನ್ನೊಂದು ಕುರಿಗಳು ಗುಡ್ಡಕ್ಕೆ ಚದುರಿದ್ದವು.

“ಗುಡ್ಡದಾಗ ತೋಳ ಅದಾವ್ರೀ ಬಾಯಾರ. ಇವತ್ತ ಹಾರಸ್ರಿ,” ಎಂದರು ಹನಮಂತಪ್ಪ.

“ಸಂಜಿಯೊಳಗ ಹುಡುಕೋಣ ಕಾಕಾ, ಕೂಡ್ರಿ,” ಎಂದರು ಶುಭದಾ.

ಅಷ್ಟರಲ್ಲಿ ಶೋಧನಾಧಿಕಾರಿ ವಿಜಯೀಂದ್ರ ಅವರು ವಿಮಾನಕ್ಕೆ ಹಿತ್ತಾಳೆಯ ನಾಮಫಲಕ ಇಲ್ಲದ್ದನ್ನು ಗಮನಿಸಿದರು. ಸಾರ್ವಜನಿಕರು ಅದನ್ನು ಹದ್ದೆಂದು ತಪ್ಪು ತಿಳಿಯುವ ಸಂಭವವಿತ್ತು. ಫಲಕವನ್ನು ಬಾಲಕ್ಕೆ ಬಡಿಯಲಾಯಿತು. ಬಾಲ ಭಾರವಾಗಿ ಮೂಗು ಮೇಲೆದ್ದಿತು. ಸಮತೂಕಕ್ಕಾಗಿ ಬ್ಯಾಟರಿಯನ್ನು ಎಂಟು ಇಂಚು ಮುಂದೆ ಸರಿಸಬೇಕಾಯಿತು. ತಂತಿ ಎಂಟು ಇಂಚು ಕಡಿಮೆ ಬಿತ್ತು.

ಇಳಕಲ್ಲಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಚಾಂದಸಾಬರನ್ನು ಕರೆಸಲಾಯಿತು. ಅವರು ವಿಮಾನದ ಹೊಟ್ಟೆ ತೆರೆದು ನೋಡಿದರು.

“ಮೊದಲ ಬ್ಯಾಟರಿ, ನಡುವ ಕಂಟ್ರೋಲರ್, ಕಡೀಕ ಮೋಟಾರ್. ಬ್ಯಾಟರಿ ಕಡಿ ತಂತಿ ಉದ್ದ ಮಾಡಿದ್ರ ಝಟಕಾ ಎದ್ದು ಕಂಟ್ರೋಲರ್ ಸುಡತೈತ್ರಿ. ಅದನ್ನೂ ಬ್ಯಾಟರಿ ಜೋಡಿ ಮುಂದ ಸರಸೂಣು. ಅಲ್ಲಿಂದ ಮೋಟಾರಿಗೆ ಹೋಗೂ ಮೂರು ತಂತಿ ಉದ್ದ ಮಾಡೂಣು. ದಪ್ಪ ತಂತಿ, ಗಟ್ಟಿ ಬೆಸುಗಿ. ಅರ್ಧಾ ತಾಸಿನ ಕೆಲಸ.”

“ಖರೆ ಅದರಿ ಸರ್,” ಎಂದರು ಶುಭದಾ.

ವಿಜಯೀಂದ್ರ ಕನ್ನಡಕ ತೆಗೆದರು. “ಮೂರು ತಂತಿ ಅಂದ್ರ ತ್ರೀ ಫೇಸ್. ತ್ರೀ ಫೇಸ್ ಪಂಪ್‌ಸೆಟ್ಟಿಗೆ ಕೊಡೋದು. ಇದೇನು ನೀರು ಎತ್ತತದೇನು?”

“ಇಲ್ರಿ.”

“ಹಂಗಾದ್ರ ಎರಡು ತಂತಿ ಇರೋ ಕಡೆ ಉದ್ದ ಮಾಡ್ರಿ.”

ಚಾಂದಸಾಬರು ಝಟಕಾ ನುಂಗಲೆಂದು ಕಂಟ್ರೋಲರಿನ ಮಗ್ಗುಲಿಗೆ ಎರಡು ಕೆಪಾಸಿಟರ್ ಬೆಸೆದು, ಬ್ಯಾಟರಿಯ ತಂತಿಯನ್ನೇ ಉದ್ದ ಮಾಡಿದರು. ವಿಮಾನ ಸಿದ್ಧವಾಯಿತು.

ಆದರೆ ಘಟಕದ ನಿಯಮಾವಳಿಯ ಕಲಂ ಹದಿನಾಲ್ಕು (ಬಿ) ಹೀಗಿದೆ: ‘ವಿಸ್ತರಿಸಲಾದ ಪ್ರತಿಯೊಂದು ವಿದ್ಯುತ್ ಮಾರ್ಗಕ್ಕೂ, ಅದರ ಉದ್ದ ಎಷ್ಟೇ ಇರಲಿ, ಗ್ರಾಹಕನ ಬದಿಯಲ್ಲಿ ಒಂದು ಕಂಬವನ್ನು ನೆಟ್ಟು ಅಪಾಯಸೂಚಕ ಫಲಕವನ್ನು ತೂಗುಹಾಕತಕ್ಕದ್ದು.’ ಹಾರುವ ವಸ್ತುಗಳಿಗೆ ವಿನಾಯಿತಿ ಇದೆಯೆಂದು ಎಲ್ಲಿಯೂ ಬರೆದಿಲ್ಲ.

ಇಲ್ಲಿ ಗ್ರಾಹಕನೆಂದರೆ ಮೋಟಾರು, ಮೋಟಾರು ಬಾಲದಲ್ಲಿತ್ತು. ಬಾಲದ ಮೇಲೆ ಗೇಣುದ್ದದ ಕಬ್ಬಿಣದ ಕಂಬ ನೆಟ್ಟು ತಲೆಬುರುಡೆಯ ಫಲಕ ಕಟ್ಟಲಾಯಿತು. ಬಾಲ ಮತ್ತೆ ಭಾರವಾಯಿತು. ಬ್ಯಾಟರಿ ಮತ್ತೆ ಮುಂದೆ ಹೋಯಿತು. ತಂತಿ ಮತ್ತೆ ಉದ್ದವಾಯಿತು. ಅದು ಹೊಸ ವಿಸ್ತರಣೆಯಾದ್ದರಿಂದ ಇನ್ನೊಂದು ಕಂಬ ಬೇಕಾಯಿತು.

ಹನಮಂತಪ್ಪ ದಿನಾ ಬಂದು ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡುತ್ತಿದ್ದರು.

“ಎಲ್ಲೀಮಟಾ ಬಂತ್ರೀ ಬಾಯಾರ?”

“ನಾಕನೇ ಕಂಬ, ಕಾಕಾ.” ಶುಭದಾ ಹನಮಂತಪ್ಪನವರ ಮುಖ ನೋಡದೆ ಹೇಳಿ, ನೇರ ಅಧಿಕಾರಿಯ ಕೋಣೆಗೆ ನಡೆದರು. “ಸರ್, ಆ ನಾಮಫಲಕ ಒಂದು ತಗದ್ರ ಎಲ್ಲಾ ಸರಿ ಆಗ್ತದ್ರಿ. ಅವರ ಕುರಿ ತೋಳದ ಬಾಯಿಗೆ ಹೋಗ್ತಾವ್ರಿ.”

“ತೋಳದ ಚಿಂತಿ ನನಗೂ ಅದ,” ಎಂದ ವಿಜಯೀಂದ್ರ ಅಂದೇ ಪ್ರಕಟಣೆ ಹೊರಡಿಸಿದರು: ‘ಸುರಕ್ಷತಾ ಕಾಮಗಾರಿ ಪ್ರಗತಿಯಲ್ಲಿರುವುದರಿಂದ ಗುಡ್ಡದ ವನ್ಯಮೃಗಗಳು ಸಹಕರಿಸಬೇಕಾಗಿ ವಿನಂತಿ.’ ಅದರ ಪ್ರತಿಯನ್ನು ಗುಡ್ಡದ ಬುಡದ ಬೇವಿನ ಮರಕ್ಕೆ ಅಂಟಿಸಲಾಯಿತು.

ಏಳನೆಯ ಕಂಬಕ್ಕೆ ಬ್ಯಾಟರಿ ಮೂಗನ್ನು ದಾಟಿ ವಿಮಾನದಿಂದ ಹೊರಗೆ ಬಂತು. ಅದನ್ನು ಅಧಿಕಾರಿಯ ಮೇಜಿನ ಮೇಲಿಟ್ಟು, ವಿಮಾನವನ್ನು ಪಡಸಾಲೆಯ ತೊಲೆಗೆ ತೂಗುಹಾಕಲಾಯಿತು. ಚಾಂದಸಾಬರು ದೂರಕ್ಕೆ ತಕ್ಕಂತೆ ಕೆಪಾಸಿಟರ್ ಹೆಚ್ಚಿಸಿದರು. ಗುಂಡಿ ಒತ್ತಿದಾಗ ಪಂಖ ತಿರುಗಿತು, ಏಳು ಬುರುಡೆಗಳು ಅಲ್ಲಾಡಿದವು, ಏನೂ ಸುಡಲಿಲ್ಲ. ಸಿಬ್ಬಂದಿಗೆ ತಂಪಾದ ಗಾಳಿ ಬಂತು. ವಿಜಯೀಂದ್ರ ಚಪ್ಪಾಳೆ ತಟ್ಟಿದರು. ಶುಭದಾ ಅಂದು ತಂದ ಬುತ್ತಿ ಬಿಚ್ಚಲಿಲ್ಲ.

ಹನಮಂತಪ್ಪ ಸ್ವಲ್ಪ ಹೊತ್ತು ಗಾಳಿಗೆ ನಿಂತರು. ಆಮೇಲೆ “ಬೀರಪ್ಪಾ, ನೀನ ಕಾಯಿ” ಎಂದು ಮನೆದೇವರಿಗೆ ಕೈಮುಗಿದು, ಕಂಬಳಿ ಹೆಗಲಿಗೇರಿಸಿ ನಡೆದೇ ಗುಡ್ಡ ಹತ್ತಿದರು.

ನಾಲ್ಕನೆಯ ದಿನ ಕುರಿಗಳೊಂದಿಗೆ ಕಚೇರಿಗೆ ಬಂದಾಗ ಅವರ ಹಿಮ್ಮಡಿ ಒಡೆದು ರಕ್ತ ಸೋರುತ್ತಿತ್ತು, ಮುಖ ಮಾತ್ರ ಅರಳಿತ್ತು.

“ಅರ್ಜಿ ವಾಪಸ್ ತಗೊಳಾಕ ಬಂದೇನ್ರಿ. ಕುರಿ ಸಿಕ್ಕಾವು.”

“ಯಾರಿಗೆ ಸಿಕ್ಕಾವ?” ಎಂದರು ವಿಜಯೀಂದ್ರ.

“ನನಗ್ರಿ.”

“ಹುಡುಕೋ ಅಧಿಕಾರ ಇರೋದು ವಿಮಾನಕ್ಕ, ಹನಮಂತಪ್ಪ. ಕಡತದೊಳಗ ಅವು ಇನ್ನೂ ಕಳದಾವ. ಕಳದ ಕುರಿ ನಿಮ್ಮ ದೊಡ್ಡಿಯೊಳಗ ಇದ್ರ ಕಳವಿನ ಆರೋಪ ನಿಮ್ಮ ಮ್ಯಾಲೇ ಬರ್ತದ.”

ಹನಮಂತಪ್ಪ ಗಾಬರಿಯಾದರು. “ಈಗ ಏನ್ ಮಾಡ್ಲಿರಿ?”

“ವಿಮಾನದ ಕೆಳಗ ಹಾಯಿಸ್ರಿ.”

ಚಾಂದಸಾಬರು ಗುಂಡಿ ಒತ್ತಿದರು. ಕುರಿಗಳು ಒಂದೊಂದಾಗಿ ಕ್ಯಾಮೆರಾದ ಕೆಳಗೆ ಹಾಯ್ದವು. ಶುಭದಾ ಪರದೆ ನೋಡುತ್ತ ಎಣಿಸಿದರು. ಹನ್ನೊಂದರ ಹಿಂದೆ ಒಂದು ಮರಿ ಕುಂಟುತ್ತ ಬಂತು.

“ಸರ್, ಒಂದು ಹೆಚ್ಚಿಗಿ ಅದರಿ.”

“ಗುಡ್ಡದಾಗ ಈದೈತ್ರಿ. ಮೂರು ದಿನದ ಮರಿ,” ಎಂದರು ಹನಮಂತಪ್ಪ.

ವಿಜಯೀಂದ್ರ ಉದಾರ ಮನಸ್ಸಿನವರು. “ಇರಲಿ ಬಿಡ್ರಿ, ಪಾಪ,” ಎಂದರು.

ಪೆನ್ನು ಕೆಳಗಿಟ್ಟವರು ಶುಭದಾ. “ಹೆಂಗ ಬಿಡೋದ್ರಿ ಸರ್? ಇದು ಕಳದೇ ಇಲ್ಲ. ಕಳೀಲಾರದ್ದನ್ನ ಸಿಕ್ಕದ ಅಂತ ಹೆಂಗ ಬರೀಲಿ?”

ಮಾತಿನಲ್ಲಿ ತಪ್ಪಿರಲಿಲ್ಲ.

“ಬಾಯಾರ ಹೇಳೂದು ಖರೆ ಐತ್ರಿ,” ಎಂದು ಹನಮಂತಪ್ಪ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಗೇಟಿನಾಚೆ ಹೋದರು. ಚಹಾದಂಗಡಿಯ ಮುಂದೆ ಅದನ್ನು ನೆಲಕ್ಕೆ ಬಿಟ್ಟು, ಬೆನ್ನು ತಿರುಗಿಸಿ ನಿಂತು, “ಕಳೀತ್ರೀ!” ಎಂದು ಕೂಗಿದರು.

ಶುಭದಾ ಹೊಸ ಅರ್ಜಿ ಬರೆಯತೊಡಗಿದರು. ಅಷ್ಟರಲ್ಲಿ ತಾಯಿಯ ದನಿ ಕೇಳಿ ಮರಿ ತಾನೇ ಒಳಗೆ ಓಡಿಬಂತು. ಅರ್ಜಿಗೆ ಇನ್ನೂ ಸಹಿ ಆಗಿರದ ಕಾರಣ ಚಾಂದಸಾಬರು ಮರಿಯನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ಮತ್ತೆ ಗೇಟಿನ ಹೊರಗೆ ಬಿಟ್ಟು ಬಂದರು.